ಪುರ ಗ್ರಾಮದ ಸಗಣಿ, ಬೆಸೆಂಟ್ ನಗರದ ಬಿಸಿಲು

ಬೆಸೆಂಟ್ ನಗರದ ಮಹಡಿಮನೆಗಳಲ್ಲಿ ವಾಸಿಸುವ ನಮ್ಮ ಬಾಂಧವರಲ್ಲಿ ಬಹುಮಂದಿಗೆ ತಾರಸಿಯೆಂಬುದು ಬಟ್ಟೆಯನ್ನೂ ಹಪ್ಪಳವನ್ನೂ ಒಣಗಿಸುವ ಸ್ಥಳ. ಅದು ಎಲ್ಲರಿಗೂ ಸೇರಿದ್ದು; ಆದುದರಿಂದಲೇ ಅದರ ಯೋಗಕ್ಷೇಮ ಯಾರಿಗೂ ಸೇರಿದ್ದಲ್ಲ! ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಮಾತು ಬಂದಾಗ ಫಲಕಗಳ ಬೆಲೆಗಿಂತಲೂ ಮೊದಲು ಅಡ್ಡ ಬರುವುದು ಈ ಹಂಚಿಕೆಯ ಪ್ರಶ್ನೆ. ಇದಕ್ಕೆ ನಮ್ಮ ನಾಡಿನ ಚಿಕ್ಕ ಗ್ರಾಮವೊಂದು ಉತ್ತರ ಕಂಡುಕೊಂಡಿತ್ತು.

ಅದು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದವರು (ಹೊಗೆಯನ್ನು ಹೊರಗಟ್ಟಿ ಸೌದೆಯನ್ನುಳಿಸುವ 'ಅಸ್ತ್ರ ಒಲೆ'ಯನ್ನು ರೂಪಿಸಿದವರೂ ಇವರೇ) ಅಲ್ಲಿ ಊರೊಟ್ಟಿನ ಗೋಬರ್ ಅನಿಲ ಸ್ಥಾವರವನ್ನು ಕಟ್ಟಿದರು. ಮೊದಲಿನ ಉದ್ದೇಶ ಅಡುಗೆ. ಆದರೆ ಊರಿನ ಎಲ್ಲ ಒಲೆಗಳಿಗೆ ಸಾಲುವಷ್ಟು ಅನಿಲ ದೊರೆಯಲಿಲ್ಲ. ಆಗ ಯೋಜನೆಯನ್ನೇ ಬದಲಿಸಿ, ಅನಿಲದ ಜೊತೆಗೆ ಕೊಂಚ ಡೀಸೆಲ್ ಬೆರೆಸಿ ಎಂಜಿನ್ ನಡೆಸಲಾಯಿತು. 1987ರ ಸೆಪ್ಟೆಂಬರಿನಿಂದ ಆ ವಿದ್ಯುತ್ತು ಕೊಳವೆಬಾವಿಯ ನೀರನ್ನೆತ್ತಿತು, ಮನೆಗಳಿಗೆ ದೀಪ ನೀಡಿತು. ಹೆಂಗಸರಿಗೆ ನೀರು ಹೊರುವ ಶ್ರಮ ತಗ್ಗಿತು. ಕುಡಿಯುವ ನೀರೂ ಉತ್ತಮವಾಯಿತು. ಆರೋಗ್ಯದ ದೃಷ್ಟಿಯಿಂದ ದೀಪಕ್ಕಿಂತ ಇದೇ ದೊಡ್ಡ ಲಾಭವೆಂದು ನನ್ನ ಎಣಿಕೆ.

ಇಲ್ಲಿ ಮೆಚ್ಚತಕ್ಕದ್ದು ಲೆಕ್ಕಾಚಾರ. ತಂದ ಸಗಣಿಯನ್ನು ತೂಗಿ ಕಿಲೋ ಒಂದಕ್ಕೆ 2 ಪೈಸೆ ಕೊಡುತ್ತಿದ್ದರು. ಅನಿಲ ತೆಗೆದ ಬಗ್ಗಡ ಗೊಬ್ಬರವಾಗಿ ಮರಳಿ ಕೊಟ್ಟವರ ಹೊಲಕ್ಕೇ ಹೋಗುತ್ತಿತ್ತು. ಯಾರಿಗೆ ಎಷ್ಟು ಸಲ್ಲಬೇಕೆಂಬುದು ಎಲ್ಲರ ಕಣ್ಣೆದುರಿನಲ್ಲಿತ್ತು.

ನಮ್ಮ ತಾರಸಿಗೂ ಇಂತಹ ಲೆಕ್ಕ ಬೇಕು. 2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ಪಿಎಂ ಸೂರ್ಯ ಘರ್' ಯೋಜನೆಯು ಸ್ವಂತ ಮನೆಯವರಿಗೆ ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಸಹಾಯಧನವನ್ನು ಗೊತ್ತುಪಡಿಸಿತು. ವಸತಿ ಸಂಘಗಳ ಸಾಮಾನ್ಯ ಸೌಕರ್ಯಗಳಿಗೂ ಕಿಲೋವಾಟಿಗೆ 18,000 ರೂಪಾಯಿಯನ್ನು ನಿಗದಿ ಮಾಡಿತು. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ ಇವಕ್ಕೆ ಮೊದಲು ಬಿಸಿಲನ್ನು ಬಳಸಿದರೆ ಹಂಚಿಕೆಯ ಜಗಳ ಬಹುಮಟ್ಟಿಗೆ ಇಲ್ಲವಾಗುತ್ತದೆ. ಒಂದು ಕಿಲೋವಾಟಿಗೆ ನೆರಳಿಲ್ಲದ ಸುಮಾರು 100 ಚದರಡಿ ಜಾಗ ಬೇಕು. ಚೆನ್ನೈ ಬಿಸಿಲಿನಲ್ಲಿ ಅದು ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ.

ಎಲಿಯಟ್ಸ್ ಕಡಲತೀರದ ಉಪ್ಪುಗಾಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಉಪ್ಪುಮಂಜಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಫಲಕ, ಸತುವಿನ ಲೇಪವುಳ್ಳ ಚೌಕಟ್ಟು, ತುಕ್ಕು ಹಿಡಿಯದ ಬೋಲ್ಟುಗಳನ್ನೇ ಕೇಳಿ ಪಡೆಯಬೇಕು. 2016ರ ಡಿಸೆಂಬರಿನ ವಾರ್ದಾ ಚಂಡಮಾರುತವನ್ನು ಕಂಡವರಿಗೆ ಭದ್ರವಾದ ಬಿಗಿತದ ಅಗತ್ಯವನ್ನು ಹೇಳಬೇಕಾದುದಿಲ್ಲ.

ಇನ್ನೊಂದು ಮಾತನ್ನು ವ್ಯಾಪಾರಿಗಳು ಎಷ್ಟೋ ವೇಳೆ ಬಿಟ್ಟುಬಿಡುತ್ತಾರೆ. ಬ್ಯಾಟರಿಯಿಲ್ಲದೆ ಬೀದಿಯ ವಿದ್ಯುತ್ ಜಾಲಕ್ಕೆ ಜೋಡಿಸಿದ ಸೌರ ವ್ಯವಸ್ಥೆ, ಆ ಜಾಲ ನಿಂತೊಡನೆ ಹಾಡಹಗಲಿನಲ್ಲೂ ತಾನಾಗಿ ನಿಲ್ಲುತ್ತದೆ. ದುರಸ್ತಿಗಾರನಿಗೆ ವಿದ್ಯುದಾಘಾತವಾಗದಿರಲೆಂದು ಹೀಗೆ ಏರ್ಪಡಿಸಿದ್ದಾರೆ. ಮನೆಯಲ್ಲಿ ಆಮ್ಲಜನಕದ ಯಂತ್ರವನ್ನು ಅವಲಂಬಿಸಿದ ವೃದ್ಧರಿದ್ದರೆ, ಇನ್ಸುಲಿನ್ನನ್ನು ತಣ್ಣಗಿಡಬೇಕಾಗಿದ್ದರೆ, ಅಷ್ಟಕ್ಕೆ ಸಾಲುವ ಬ್ಯಾಟರಿಯನ್ನು ಬೇರೆಯಾಗಿಯೇ ಇರಿಸಿಕೊಳ್ಳತಕ್ಕದ್ದು.