ಸೊನ್ನೆ ಉದುರದಂತೆ ಕೊರೆಯುವ ಬಗೆ

ತಗಡಿನಲ್ಲಿ ಅಕ್ಷರ ಕೊರೆದು, ಅದನ್ನು ಗೋಡೆಗೋ ಗೋಣಿಚೀಲಕ್ಕೋ ಒತ್ತಿಹಿಡಿದು ಬಣ್ಣ ಕುಟ್ಟಿದರೆ ಸ್ಟೆನ್ಸಿಲ್ ಬರಹ ಮೂಡುತ್ತದೆ. ತೊಡಕಿರುವುದು ಕೊರೆಯುವಲ್ಲಿ. ವಿಶ್ವಾರಾಧ್ಯರ ಮಠದಿಂದ ಹೆಸರಾದ ಅಬ್ಬೆತುಮಕೂರಿನ ಹೆಸರನ್ನೇ ತೆಗೆದುಕೊಳ್ಳಿ. ‘ಕೂ’, ‘ರು’ ಅಕ್ಷರಗಳ ಗೆರೆಯನ್ನು ಸುತ್ತಲೂ ಕತ್ತರಿಸಿದರೆ ಹೊಟ್ಟೆಯೊಳಗಿನ ಬಿಲ್ಲೆ ಕಳಚಿ ಬೀಳುತ್ತದೆ, ಬಣ್ಣ ಹಚ್ಚಿದಾಗ ಅಲ್ಲಿ ಬರೀ ಮುದ್ದೆ. ಬಿಲ್ಲೆ ನಿಲ್ಲಬೇಕಾದರೆ ಒಂದೆರಡು ಕಡೆ ಕೊರೆಯದೆ ಸಣ್ಣ ಪಟ್ಟಿ ಬಿಡಬೇಕು. ಸ್ಟೆನ್ಸಿಲ್ ಅಕ್ಷರಗಳ ಬಿರುಕು ಹುಟ್ಟಿದ್ದೇ ಹೀಗೆ. ಮುಂದೆ ಅದು ಕಣ್ಣಿಗೆ ಎಷ್ಟು ಒಗ್ಗಿತೆಂದರೆ, ತಗಡಿನ ಹಂಗೇ ಇಲ್ಲದ ಮುದ್ರಣಕ್ಕೂ ಅಮೆರಿಕದಲ್ಲಿ 1937ರಲ್ಲಿ ಬಿರುಕಿನ ಅಚ್ಚಕ್ಷರಗಳು ಬಂದವು.

ಆದರೆ ಬಿರುಕು ಎಲ್ಲಿ ಬೀಳಬೇಕೆಂಬುದನ್ನು ಕನ್ನಡ ಲಿಪಿಯೇ ತೀರ್ಮಾನಿಸಬೇಕು. ಇಂಗ್ಲಿಷಿನ ‘ಓ’ ಅಕ್ಷರವನ್ನು ನೆಟ್ಟಗೆ ಸೀಳಿದರೂ ಅದು ‘ಓ’ ಆಗಿಯೇ ಉಳಿಯುತ್ತದೆ. ನಮ್ಮಲ್ಲಿ ಹಾಗಲ್ಲ. ಅಬ್ಬೆತುಮಕೂರಿರುವ ಯಾದಗಿರಿ ಜಿಲ್ಲೆಯದೇ ಆದ ವಡಗೇರಾದ ‘ವ’ಕ್ಕೆ ಮೇಲ್ಬಾಯಿಯಲ್ಲಿ ಬಿರುಕು ಬಿಟ್ಟರೆ ಅದು ‘ಪ’ದ ಕಡೆಗೆ ವಾಲುತ್ತದೆ, ‘ಧ’ದ ಅಡಿಯ ಸೀಳನ್ನು ಪಟ್ಟಿ ನುಂಗಿದರೆ ‘ದ’ ಆಗುತ್ತದೆ. ತಲೆಕಟ್ಟು ದುಂಡಿಗೆ ಸೇರುವ ಜಾಗ ‘ರ’ಕ್ಕೆ ಹಿತ, ‘ವ’ಕ್ಕೆ ಅಡಿಭಾಗವೇ ಸರಿ. ಓದುವವರು ಊಹಿಸಿಕೊಳ್ಳುತ್ತಾರಲ್ಲ ಎನ್ನಬಹುದು. ಸುರಪುರ, ಶಹಾಪುರದಂಥ ಪರಿಚಿತ ಹೆಸರಿಗೆ ಆ ಮಾತು ನಡೆದೀತು. ಚೀಲದ ಮೇಲಿನ ಅಪರಿಚಿತ ಹೆಸರಿಗೆ ಊಹೆ ನೆರವಾಗದು. ಅಲ್ಲಿ ಅಕ್ಷರ ತಪ್ಪಿದರೆ ಸರಕೇ ದಾರಿ ತಪ್ಪುತ್ತದೆ.

ಬಿರುಕಿಲ್ಲದ ದಾರಿಗಳೂ ಇವೆ. ಜಪಾನಿನ ಬಟ್ಟೆ ಬಣ್ಣಗಾರರು ಕೊರೆದ ಕಾಗದದ ಬಿಲ್ಲೆಗಳನ್ನು ರೇಷ್ಮೆ ಎಳೆಗಳಿಂದ ಹಿಡಿದು ನಿಲ್ಲಿಸಿದರು. ಎಳೆ ಅಷ್ಟು ನವಿರಾದ್ದರಿಂದ ಬಣ್ಣದಲ್ಲಿ ಅದರ ಗುರುತು ಕಾಣದು. ಡೇವಿಡ್ ಗೆಸ್ಟೆಟ್ನರ್ 1881ರಲ್ಲಿ ಪೇಟೆಂಟ್ ಪಡೆದ, ಪ್ರತಿ ತೆಗೆಯುವ ಸೈಕ್ಲೋಸ್ಟೈಲ್‌ನಲ್ಲಿ ಗೀರುವುದು ಹಾಳೆಗೆ ಬಳಿದ ಮೇಣವನ್ನು ಮಾತ್ರ, ಕೆಳಗಿನ ನಾರಿನ ಕಾಗದ ಸೊನ್ನೆಯ ಹೊಟ್ಟೆಯನ್ನು ಕಾಯುತ್ತದೆ. ಈಗ ಕಂಪ್ಯೂಟರ್ ಕತ್ತರಿಸುವ ಅಂಟುಹಾಳೆ ಇರುವಾಗ ತಗಡೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಯವಾದ ಗಾಜಿಗೆ, ವಾಹನಕ್ಕೆ ಅದೇ ಮೇಲು. ಆದರೆ ದೂಳು ಕೂತ ಗೋಡೆಗೆ, ಒರಟು ಗೋಣಿಗೆ ಅಂಟು ನಿಲ್ಲದು, ಹಾಳೆಯೂ ಒಂದೇ ಬಾರಿಯದು. ತಗಡು ನೂರಾರು ಚೀಲಗಳಿಗೆ ಆದೀತು, ಬಣ್ಣ ಮಾತ್ರ ಗಟ್ಟಿಯಾಗಿರಬೇಕು. ಮೋಟು ಕುಂಚದ ತುದಿಗಷ್ಟೇ ಬಣ್ಣ ತಾಗಿಸಿ, ಹೆಚ್ಚಾದದ್ದನ್ನು ಚಿಂದಿಗೆ ಒರೆಸಿ, ಅಂಚಿನಿಂದ ಒಳಕ್ಕೆ ನೆಟ್ಟಗೆ ಕುಟ್ಟುತ್ತ ಬರಬೇಕು. ಎಳೆದರೆ ಬಣ್ಣ ತಗಡಿನಡಿಗೆ ನುಸುಳುತ್ತದೆ. ನಾಲ್ಕಾರು ಚೀಲಕ್ಕೊಮ್ಮೆ ತಗಡಿನ ಬೆನ್ನು ಒರೆಸದಿದ್ದರೆ ಎಷ್ಟು ಚೆಂದ ಕೊರೆದ ಸೊನ್ನೆಯೂ ಕಲಸಿಹೋಗುತ್ತದೆ.