ನಿಲ್ಲಲಾರದವರ ನಿಲ್ದಾಣ

‘ನಿಲ್’ ಎಂಬ ಧಾತುವಿಗೆ ‘ತಾಣ’ ಸೇರಿ, ತಕಾರಕ್ಕೆ ದಕಾರವು ಆದೇಶವಾಗಿ ‘ನಿಲ್ದಾಣ’ವಾಯಿತೆಂದು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಎರಡು ವರ್ಷಗಳ ಕೆಳಗೆ, ಊರುಗೋಲಿನ ಆಸರೆಯಿಂದ ನಡೆಯುವ ವಿದ್ಯಾರ್ಥಿನಿಯೊಬ್ಬಳು ಪಾಠ ಮುಗಿದ ಮೇಲೆ ಬಂದು, “ನಿಲ್ಲಲಾರದವರು ಅದನ್ನು ಏನೆಂದು ಕರೆಯಬೇಕು, ಸರ್?” ಎಂದು ಕೇಳಿದಳು. ವ್ಯಾಕರಣದಲ್ಲಿ ಇದಕ್ಕೆ ಉತ್ತರವಿಲ್ಲ. ಮೊದಲ ಪಿರಿಯಡ್ಡಿಗೆ ತಡವಾಗಿ ಬರುತ್ತಾಳೆಂದು ಅವಳ ಹೆಸರಿನ ಮುಂದೆ ಗೈರುಹಾಜರಿ ಗುರುತಿಸುತ್ತಿದ್ದವನೂ ನಾನೇ.

ಒಂದು ಸಂಜೆ ಅವಳೊಡನೆ ಬಸ್ ನಿಲ್ದಾಣಕ್ಕೆ ಹೋದೆ. ಇಪ್ಪತ್ತು ವರ್ಷ ದಿನವೂ ಕಂಡ ಸ್ಥಳ. ಅಂದೇ ಮೊದಲ ಬಾರಿ ಕಂಡಂತಾಯಿತು. ಬಸ್ಸು ಕಟ್ಟೆಗೆ ಮೂತಿಯೊಡ್ಡಿ ನಿಲ್ಲುತ್ತದೆ, ಬಾಗಿಲು ಮಗ್ಗುಲಲ್ಲಿ. ಆದುದರಿಂದ ಪ್ರಯಾಣಿಕನು ಕಟ್ಟೆಯಿಂದ ಅಂಗಳಕ್ಕೆ ಇಳಿದು, ಎರಡು ಬಸ್ಸುಗಳ ನಡುವಣ ಓಣಿಯಲ್ಲಿ ನುಸುಳಿ, ಮತ್ತೆ ಮೇಲೇರಬೇಕು. ಸಾಧಾರಣ ಬಸ್ಸಿನ ಒಳನೆಲವು ಭೂಮಿಯಿಂದ ಸುಮಾರು ಒಂದು ಮೀಟರು ಎತ್ತರ. ಕಟ್ಟೆಯನ್ನು ಕಟ್ಟಿದ್ದು ಯಾರ ಅನುಕೂಲಕ್ಕೆ? ಊರುಗೋಲನ್ನು ಮೊದಲು ಒಳಗೆ ಎಸೆದು, ಕಂಬಿಯನ್ನು ಎರಡೂ ಕೈಗಳಿಂದ ಹಿಡಿದು ಅವಳು ತನ್ನನ್ನು ಎಳೆದುಕೊಳ್ಳುವಷ್ಟರಲ್ಲಿ ಹಿಂದಿನವರ ಸಹನೆ ತೀರಿತ್ತು. ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತುವುದು ಅವಳ ವಾಡಿಕೆಯಂತೆ. ರಿಯಾಯಿತಿ ಪಾಸು ಅವಳ ಚೀಲದಲ್ಲಿ ಭದ್ರವಾಗಿತ್ತು.

2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಕೂಡಿ ಒಂದು ಜಿಲ್ಲೆಯಾದುವು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ಈ ನಾಲ್ಕು ತಾಲ್ಲೂಕು ಪಟ್ಟಣಗಳಲ್ಲಿ ರಾಮನಗರ, ಚನ್ನಪಟ್ಟಣಗಳಿಗೆ ರೈಲುಂಟು. ಕನಕಪುರ, ಮಾಗಡಿಗಳಿಗೆ ಬಸ್ಸೇ ಗತಿ. ಅಲ್ಲಿಯ ಹಳ್ಳಿಯ ಮಂಡಿನೋವಿನ ಮುದುಕಿಗೆ, ಬಸುರಿಗೆ, ಕುರುಡನಿಗೆ ಬಸ್ಸಿನ ಮೆಟ್ಟಿಲೇ ಆಸ್ಪತ್ರೆಯ, ಕಚೇರಿಯ ಮೊದಲ ಬಾಗಿಲು. ಕುರುಡರ ಮಾತು ಬಂದುದರಿಂದ ಒಂದು ವಿಷಯ: “ಬಿಡದಿ, ಬಿಡದಿ!” ಎಂದು ಕೂಗುವ ಕಂಡಕ್ಟರರ ಕಂಠವೇ ಅವರಿಗೆ ಫಲಕ. ಅದನ್ನು ಗದ್ದಲವೆಂದು ಮೂಗು ಮುರಿಯುವವರು ಒಮ್ಮೆ ಕಣ್ಣುಮುಚ್ಚಿ ನಿಂತು ನೋಡಲಿ.

ಕಾನೂನಿಗೇನೂ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಬಸ್ ನಿಲ್ದಾಣವನ್ನು ಹೆಸರಿಸಿಯೇ, ಅಲ್ಲಿಯ ಶೌಚಾಲಯ, ಟಿಕೆಟ್ ಕಿಂಡಿಗಳು ಎಲ್ಲರಿಗೂ ಎಟುಕುವಂತಿರಬೇಕೆಂದಿತು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷಗಳ ಗಡುವು 2022ರಲ್ಲಿಯೇ ಕಳೆಯಿತು. ನಿಯಮಗಳು ಬರಿಯ ಸಲಹೆಗಳಂತಿವೆ, ಕಡ್ಡಾಯವಾದುವುಗಳನ್ನು ಮಾಡಿರಿ ಎಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಕೇಂದ್ರಕ್ಕೆ ಹೇಳಬೇಕಾಯಿತು.

ಬೇಕಾದುದು ಅಸಾಧ್ಯವಾದುದೇನಲ್ಲ. ಒಂದಕ್ಕೆ ಹನ್ನೆರಡರ ಇಳಿಜಾರು, ಅಂದರೆ ಮೂವತ್ತು ಸೆಂಟಿಮೀಟರಿನ ಕಟ್ಟೆಗೆ ಮೂರೂವರೆ ಮೀಟರಿಗಿಂತ ತುಸು ಉದ್ದದ ದಾರಿ, ಜೊತೆಗೊಂದು ಹಿಡಿಗಂಬಿ. ತಗ್ಗುನೆಲದ ಬಸ್ಸಿನ ಒಳನೆಲವು ನಲವತ್ತು ಸೆಂಟಿಮೀಟರು ಮಾತ್ರ. ಬೆಂಗಳೂರು ನಗರದಲ್ಲಿ ಅಂಥವು ಓಡುತ್ತಿವೆ. ಹಳ್ಳಿಯ ಹಾದಿಯ ಉಬ್ಬುತಗ್ಗುಗಳಿಗೆ ಅವು ಒಗ್ಗುವುದು ಕಷ್ಟ, ಒಪ್ಪುತ್ತೇನೆ. ಆದರೆ ಬಾಗಿಲಿನ ಪಕ್ಕಕ್ಕೆ ಕಟ್ಟೆ ಬರುವಂತೆ ಅಂಗಳವನ್ನು ಯೋಜಿಸಲು ರಸ್ತೆಯ ಅಡ್ಡಿಯೇನು?

ನಮ್ಮ ವಿಭಾಗದಲ್ಲಿ ಮೊದಲ ಪಿರಿಯಡ್ಡನ್ನು ಹತ್ತಕ್ಕೆ ಬದಲಿಸಿದೆವು. ಮೂರನೆಯ ಬಸ್ಸು ಒಂಬತ್ತೂ ಮುಕ್ಕಾಲಿಗೆ ಬರುತ್ತದೆ.