ಹಸ್ತ ಮಳೆ ಹೋದ ಮೇಲೆ ಹಿತ್ತಲಿಗೆ ಹದಿನೈದು ದಿನ

ಹಸ್ತ ಮಳೆ ಮುಗಿಯುತ್ತಲೇ ನಮ್ಮ ಕಡೆ ಎಲ್ಲರ ಕಣ್ಣು ಹೊಲದ ಮೇಲೆ. ಹಿಂಗಾರಿ ಜೋಳ, ಕಡಲೆ ಬಿತ್ತಬೇಕು, ತೊಗರಿ ನೋಡಬೇಕು. ಹಿತ್ತಲನ್ನು ಕೇಳುವವರಿಲ್ಲ. ‘ದೀಪಾವಳಿ ಆಗಲಿ, ಆಮ್ಯಾಲ ನೋಡಿದ್ರಾತು’ ಅನ್ನುತ್ತೇವೆ. ನಾನೂ ಹಾಗೇ ಅಂದವನು. ದಂಡ ತೆತ್ತ ಮೇಲೆ ಬುದ್ಧಿ ಬಂತು.

ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ ಕಮಲಾಪುರ ನಮ್ಮೂರು. ಮನೆಯ ಹಿಂದೆ 12 ಗುಂಟೆ ಹಿತ್ತಲು. ಊರಿಗೆ ಹೆಸರು ತಂದ ಕೆಂಪು ಬಾಳೆ, ಜೊತೆಗೆ ಲಿಂಬೆ, ಸೀತಾಫಲ, ನುಗ್ಗೆ. ಉಳಿದ ಜಾಗದಲ್ಲಿ ಕಾಯಿಪಲ್ಯ. ಮಣ್ಣು ಎರೆ.

ಒಂದು ವರ್ಷ ಹಬ್ಬ ಮುಗಿಸಿ ಹಿತ್ತಲಿಗೆ ಹೋದರೆ ಬಿರುಕಿನಲ್ಲಿ ಅಂಗೈ ಇಳಿಯುತ್ತಿತ್ತು. ಎರೆ ಮಣ್ಣು ಒಣಗಿದಂತೆ ಕುಗ್ಗಿ ಸೀಳುತ್ತದೆ. ಸೀಳುವಾಗ ಎಳೆ ಬೇರು ಹರಿಯುತ್ತವೆ, ಆಳದಲ್ಲಿದ್ದ ತೇವವೂ ಅದೇ ದಾರಿಯಲ್ಲಿ ಆರಿ ಹೋಗುತ್ತದೆ. ಆಮೇಲೆ ಬೋರಿನ ನೀರು ಬಿಟ್ಟರೆ ಬುಡದಲ್ಲಿ ನಿಲ್ಲದೆ ಬಿರುಕಿಗೇ ಇಳಿಯಿತು. ಎಂಟು ಬಾಳೆಯಲ್ಲಿ ಐದು ಆ ಬೇಸಿಗೆ ದಾಟಲಿಲ್ಲ. ಗೊನೆಗೆ ಒಂದೂವರೆ ವರ್ಷ ಕಾಯುವ ಬೆಳೆ ಅದು.

ಹದ ನೋಡುವುದು

ಮಳೆ ನಿಂತು ನಾಲ್ಕೈದು ದಿನಕ್ಕೆ ಗೇಣುದ್ದ ಅಗೆದು ಹಿಡಿ ಮಣ್ಣು ಹಿಸುಕಿ ನೋಡುತ್ತೇನೆ. ಉಂಡೆ ಕಟ್ಟಬೇಕು, ಆದರೆ ಕೈಗೆ ಅಂಟಬಾರದು. ಅಂಟಿದರೆ ಇನ್ನೆರಡು ದಿನ ತಡೆಯಿರಿ. ಹಸಿಯಲ್ಲಿ ಕೆದಕಿದರೆ ಹೆಂಟೆ ಏಳುತ್ತದೆ. ಹದ ಬಂದ ದಿನ ಕುರ್ಪಿಯಿಂದ ಎರಡು ಇಂಚು ಮಾತ್ರ ಕೆದಕಿ. ಮೇಲಿನ ಪುಡಿಮಣ್ಣು ಸಣ್ಣ ಬಿರುಕು ಮುಚ್ಚಿ ಕೆಳಗಿನ ತೇವ ಹಿಡಿದಿಡುತ್ತದೆ. ಆಳ ಅಗೆದರೆ ನಾವೇ ಬೇರು ಕತ್ತರಿಸಿದಂತೆ.

ಹೊದಿಕೆ

ಅದರ ಮೇಲೆ ನಾಲ್ಕು ಇಂಚು ಹೊದಿಕೆ. ಒಳ್ಳೆಯ ಹೊಟ್ಟು ದನಕ್ಕೇ ಇರಲಿ. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಹೆಸರು, ಉದ್ದಿನ ಹೊಟ್ಟು, ಒಣ ಬಾಳೆ ಎಲೆ, ಬೇವಿನ ತರಗು ಸಾಕು. ಬುಡದಿಂದ ಒಂದು ಗೇಣು ಬಿಟ್ಟು ಹಾಕಿ. ತಾಗಿಸಿದರೆ ಒರಲಿ ನೇರ ಗಿಡಕ್ಕೆ ಹತ್ತುತ್ತದೆ. ಬಾಳೆಗೆ ಒಂದು ಮರಿ ಉಳಿಸಿ ಬೇರೆಲ್ಲ ತೆಗೆಯುತ್ತೇನೆ. ತೆಗೆದದ್ದೂ ಹೊದಿಕೆಗೇ.

ಬಿತ್ತುವುದು, ಬೀಜ ಹಿಡಿಯುವುದು

ಮೆಂತೆ, ಕೊತ್ತಂಬರಿ ಒಮ್ಮೆಲೇ ಬಿತ್ತಬೇಡಿ. 2020ರ ಅಕ್ಟೋಬರ್ ಮಧ್ಯದಲ್ಲಿ ಭೀಮೆ ಉಕ್ಕಿದ ಮಳೆಗೆ ನಮ್ಮ ಮಡಿಯೆಲ್ಲ ಕೊಚ್ಚಿಹೋಯಿತು. ಅಂದಿನಿಂದ ಅರ್ಧ ಬೀಜ ಡಬ್ಬಿಯಲ್ಲೇ ಉಳಿಸಿ, ಹದಿನೈದು ದಿನಕ್ಕೊಂದು ಮಡಿ ಬಿತ್ತುತ್ತೇವೆ. ಕೊತ್ತಂಬರಿ ಕಾಳನ್ನು ಚಪ್ಪಲಿ ಕಾಲಲ್ಲಿ ಉಜ್ಜಿ ಎರಡು ಹೋಳು ಮಾಡಿ.

ಪುಂಡಿ ಈಗ ಹೂವಿಗೆ ಬರುತ್ತದೆ, ಪಲ್ಯದ ಆಸೆಗೆ ಎಲ್ಲ ಕೊಯ್ಯದೆ ಎರಡು ಗಿಡ ಬೀಜಕ್ಕೆ ಬಿಡಿ. ಹೀರೇಕಾಯಿ ಬಳ್ಳಿಯಲ್ಲೇ ಒಣಗಿ ಗಿಲಿಗಿಲಿ ಅಂದಾಗ ಕಿತ್ತರೆ ಬೀಜ ಕೆಡುವುದಿಲ್ಲ. ಬೂದಿ ಬೆರೆಸಿ ಒಲೆಯ ಹತ್ತಿರ ಕಟ್ಟಿಡುವ ಕೆಲಸ ಮನೆಯವರದು. ಅಂಗಡಿ ಬೀಜ ತಂದು ನಮಗೆ ಬಹಳ ವರ್ಷವಾಯಿತು.

ಸೀತಾಫಲದ ಸುಖ

ಈ ಕೆಲಸಕ್ಕೆ ಕೂಲಿ ಕೊಡುವುದು ಸೀತಾಫಲ. ಕಣ್ಣುಗಳ ನಡುವಿನ ಗೆರೆ ಅಗಲವಾಗಿ ಬಿಳಿಚಿದರೆ ಬಲಿತಂತೆ. ಕಿತ್ತು ಜೋಳದ ಸೊಪ್ಪೆಯಲ್ಲಿ ಮುಚ್ಚಿಟ್ಟರೆ ಮೂರ್ನಾಲ್ಕು ದಿನಕ್ಕೆ ಹಣ್ಣು. ಮಕ್ಕಳು ದಿನಕ್ಕೆ ಹತ್ತು ಸಲ ಒತ್ತಿ ನೋಡುತ್ತವೆ! ಬೀಜ ಮಾತ್ರ ಜಜ್ಜಲು ಬಿಡಬೇಡಿ, ಪುಡಿ ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ.

ದಸರೆಗೆ ಬನ್ನಿ ಕೊಡಲು ಕಲಬುರಗಿಯ ಮಗಳ ಮನೆಗೆ ಹೋಗುವಾಗ ಒಂದು ಬುಟ್ಟಿ ಹಣ್ಣು, ಒಂದು ಚೀಲ ತರಗು ಒಯ್ಯುತ್ತೇನೆ. ಹಣ್ಣು ಓಣಿಯವರಿಗೆ, ತರಗು ಮಾಳಿಗೆಯ ಮೇಲಿನ ಅವಳ ಹನ್ನೊಂದು ಕುಂಡಗಳಿಗೆ. ಮೊದಲು ನಕ್ಕವಳು ಈಗ ‘ಅಪ್ಪಾ, ತರಗು ಮರೀಬ್ಯಾಡ’ ಅಂತ ಫೋನ್ ಮಾಡುತ್ತಾಳೆ.

12 ಗುಂಟೆಗೆ ಇಬ್ಬರು ಮುಂಜಾನೆ ಎರಡು ತಾಸಿನಂತೆ ದುಡಿದರೆ ಹದಿನೈದು ದಿನದಲ್ಲಿ ಮುಗಿಯುತ್ತದೆ. ಹೊಲದ ಬಿತ್ತನೆ ನಿಲ್ಲಿಸಬೇಕಿಲ್ಲ. ಈ ಸಲ ಮಳೆ ಹಿಂದೆ ಸರಿದ ವಾರವೇ ಒಂದು ಹಿಡಿ ಮಣ್ಣು ಹಿಸುಕಿ ನೋಡಿ.